ಟೈಫಾಯ್ಡ್ ವಾಸಿಯಾದ ಮೇಲೆ ಕೂದಲು ಉದುರಿದಾಗ

ಕೂದಲು ದಿಢೀರ್ ಅಂತ ಉದುರೋಕೆ ಶುರುವಾದರೆ ಈ ವಾರ ಯಾವ ಶಾಂಪೂ ಹಾಕಿದೆ ಅಂತ ಹುಡುಕಬೇಡಿ. ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು, ಅದನ್ನು ನೆನಪು ಮಾಡಿಕೊಳ್ಳಿ. ನನಗೆ ಕಾರಣ ಸಿಕ್ಕಿದ್ದು ಅಲ್ಲೇ.

ಆಗ ದಾವಣಗೆರೆಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿದ್ದೆ. ರೂಮಿನ ಹುಡುಗರು ತಪ್ಪನ್ನು ಬೋರ್ ನೀರಿನ ಮೇಲೆ ಹಾಕಿದರು. ಚಿಕ್ಕಪ್ಪ "ನಿಮ್ಮಪ್ಪನ ತಲೆ ನೋಡು" ಅಂದರು. ಅಜ್ಜಿ ಮಾತ್ರ "ಟೈಫಾಯ್ಡ್ ಬಂದಿತ್ತಲ್ಲೋ, ಅದಕ್ಕೇ ಉದುರ್ತಾವೆ, ಮತ್ತೆ ಬರ್ತಾವೆ ಬಿಡು" ಅಂದಳು.

ಉದುರಿದ ಕೂದಲನ್ನೇ ಹಿಡಿದು ನೋಡಿದೆ. ತುದಿಯಲ್ಲಿ ಸಣ್ಣ ಬಿಳಿ ಗಂಟು. ಅಂದರೆ ಬುಡದಿಂದಲೇ ಬಂದಿದೆ. ಬೋರಿನ ಗಡಸು ನೀರಿಗೆ ಕೂದಲು ಒರಟಾಗಿ ನಡುವೆ ಮುರಿಯಬಹುದು, ಹೀಗೆ ಬುಡ ಸಮೇತ ಬರುವುದಿಲ್ಲ. ತಲೆ ತುಂಬಾ ಒಂದೇ ಸಮ ತೆಳುವಾಗಿತ್ತು. ವಂಶದಿಂದ ಬರುವ ಬೋಳು ಹಣೆಯ ಮೂಲೆ, ನೆತ್ತಿಯಲ್ಲಿ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಹಬ್ಬುತ್ತದೆ. ನಾಣ್ಯದಷ್ಟು ಗುಂಡಗೆ ಖಾಲಿಯಾದರೆ ಅದು ಬೇರೆಯದೇ ಕಾಯಿಲೆ, ತಡ ಮಾಡದೆ ತೋರಿಸಬೇಕು.

ಚರ್ಮದ ಡಾಕ್ಟರ್ ಒಂದು ಚಿಟಿಕೆ ಕೂದಲು ಹಿಡಿದು ಮೆಲ್ಲಗೆ ಎಳೆದರು. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಕೈಗೆ ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥವಂತೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಜೋರು ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದಾದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ನಿಂತುಬಿಡುತ್ತವೆ. ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಊಟ ಬಿಟ್ಟು ತೂಕ ಇಳಿಸುವ ಜಿಮ್ ಹುಡುಗರು ಇದನ್ನು ಗಮನಿಸಲೇಬೇಕು.

ಫೆರಿಟಿನ್, ಥೈರಾಯ್ಡ್ ಟೆಸ್ಟ್ ಬರೆದುಕೊಟ್ಟರು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಳ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪು ತೋರಿಸಬಹುದು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಡ್ತಾರಲ್ವಾ, ಯಾರೂ ಇದನ್ನು ಹೇಳುವುದಿಲ್ಲ.

ನನ್ನ ರಿಪೋರ್ಟ್ ಸರಿಯಿತ್ತು. ಔಷಧ ಏನೂ ಕೊಡಲಿಲ್ಲ. ಬೇಳೆ, ಮೊಟ್ಟೆ, ಶೇಂಗಾ ತಿನ್ನು, ಆರು ತಿಂಗಳು ಕಾಯಿ ಅಂದರು. ಉದುರುವುದು ನಿಂತು ಸಣ್ಣ ಕೂದಲು ಬಂದವು. ಹಣೆಯ ಮೂಲೆಗಳಲ್ಲಿ ಮಾತ್ರ ಪೂರ್ತಿ ತುಂಬಲಿಲ್ಲ. ಅದು ಅಪ್ಪನ ಕಡೆಯದೇ, ಚಿಕ್ಕಪ್ಪ ಹೇಳಿದ್ದೂ ಅಷ್ಟರಮಟ್ಟಿಗೆ ನಿಜ. ಅದಕ್ಕೆ ಮಿನಾಕ್ಸಿಡಿಲ್ ಅಂತ ತಲೆಗೆ ಹಚ್ಚುವ ಔಷಧ ಇದೆ. ಆದರೆ ಹಚ್ಚುವುದು ಬಿಟ್ಟರೆ ಬಂದ ಕೂದಲೂ ಹೋಗುತ್ತದೆ, ಶುರುವಿನ ವಾರಗಳಲ್ಲಿ ಇನ್ನಷ್ಟು ಉದುರಲೂಬಹುದು. ಸದ್ಯಕ್ಕೆ ಆಗಾಗ ಫೋಟೋ ತೆಗೆದಿಟ್ಟುಕೊಂಡು ಹೋಲಿಸಿ ನೋಡುತ್ತಿದ್ದೇನೆ.