ಟೆಕ್ಸಾಸ್‌ಗೆ ಬಂದ ನಮ್ಮ ಕಡೆಯವರಿಗೆ: ಪಿಕಪ್ ಕೊಳ್ಳುವ ಮುಂಚೆ ಬಾಗಿಲು ತೆಗೆದು ನೋಡಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ ಬಂದವರು ಸ್ವಂತ ಮನೆ ಆದ ಮೇಲೆ ಕೇಳುವುದು ಇದನ್ನೇ, ‘ಅಣ್ಣಾ, ಪಿಕಪ್ ಯಾವುದು ತಗೊಳ್ಳಲಿ?’ ಕಂಪನಿ ಆಮೇಲೆ. ಗಾಡಿಯಲ್ಲಿ ಯಾರು ಕೂರುತ್ತಾರೆ, ಏನು ಹೇರುತ್ತೀರಿ, ಮೊದಲು ಅದನ್ನು ಯೋಚನೆ ಮಾಡಿ.

ಲೈಸೆನ್ಸ್, ಇನ್ಶೂರೆನ್ಸ್ ಮುಗಿಸಿಕೊಳ್ಳಿ. ಡೀಲರ್ ಹತ್ತಿರ ಹೋಗುವ ಮುಂಚೆ ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನಂಥದ್ದು) ಸಾಲದ ಬಡ್ಡಿ ಕೇಳಿಕೊಂಡಿರಿ. ಅಷ್ಟೇ.

ಟ್ರಿಮ್ ಅಂದರೆ ಒಂದೇ ಗಾಡಿಯ ಬೇರೆ ಬೇರೆ ದರ್ಜೆ, ಆ ಹೆಸರುಗಳು ತಲೆ ತಿನ್ನುತ್ತವೆ. ಫೋರ್ಡ್ ಎಫ್-150 ಅಂದರೆ ಎಕ್ಸ್‌ಎಲ್, ಎಸ್‌ಟಿಎಕ್ಸ್, ಎಕ್ಸ್‌ಎಲ್‌ಟಿ, ಲ್ಯಾರಿಯಟ್, ಕಿಂಗ್ ರಾಂಚ್, ಪ್ಲಾಟಿನಂ. ಷೆವರ್ಲೆ ಸಿಲ್ವರಾಡೊದಲ್ಲಿ ಡಬ್ಲ್ಯುಟಿಯಿಂದ ಹೈ ಕಂಟ್ರಿವರೆಗೆ. ರ‍್ಯಾಮ್‌ನ ಬಿಗ್ ಹಾರ್ನ್ ಟ್ರಿಮ್ಮನ್ನೇ ಟೆಕ್ಸಾಸ್‌ನಲ್ಲಿ ಲೋನ್ ಸ್ಟಾರ್ ಅಂತ ಮಾರುತ್ತಾರೆ, ಬೇರೆ ಗಾಡಿ ಅಂದುಕೊಳ್ಳಬೇಡಿ. ಟ್ರಿಮ್ ಮೇಲೆ ಹೋದಷ್ಟೂ ಚರ್ಮದ ಸೀಟು, ದೊಡ್ಡ ಪರದೆ, ಗಾಜಿನ ಚಾವಣಿ. ಇವಕ್ಕೂ ತೂಕ ಇದೆ, ಅಲ್ವಾ? ಅಷ್ಟೂ ತೂಕ ನೀವು ಹೇರುವ ಲೆಕ್ಕದಲ್ಲೇ ಕಡಿತ.

ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿರುವ ಹಳದಿ-ಬಿಳಿ ಚೀಟಿ ಓದಿ. ಮಂದಿ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಅದು ಆ ಒಂದು ಗಾಡಿಯ ಅಂಕಿ. ದುಬಾರಿ ಟ್ರಿಮ್‌ಗಳಲ್ಲಿ 1,500 ಪೌಂಡ್ ಆಸುಪಾಸು ಇರುವುದೂ ಉಂಟು, ಅಂದರೆ 680 ಕೆಜಿ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ತರುವ ಬೊಲೆರೊ ಪಿಕಪ್‌ನಲ್ಲಿ 1.7 ಟನ್ ಹೊರುವ ಮಾದರಿಯೇ ಇದೆ! ಇಲ್ಲಿ ಐದು ಜನ ದೊಡ್ಡವರು ಕೂತರೆ ಅರ್ಧ ಲೆಕ್ಕ ಮುಗಿಯಿತು. ಟ್ರೇಲರ್ ಕಟ್ಟಿದರೆ ಅದರ ತೂಕದ ಶೇ. 10ರಿಂದ 15 ಭಾಗ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಬೀಳುತ್ತದೆ, ಅದನ್ನೂ ಇದರಲ್ಲೇ ಸೇರಿಸಬೇಕು. ಜಾಹೀರಾತಿನಲ್ಲಿ ಕಾಣುವ ಎಳೆಯುವ ಶಕ್ತಿಯ ದೊಡ್ಡ ಅಂಕಿ ಎಲ್ಲ ಗಾಡಿಗೂ ಸಿಗುವುದಿಲ್ಲ. ಎಂಜಿನ್, ಆಕ್ಸಲ್ ರೇಶಿಯೊ (ಅಚ್ಚಿನ ಗೇರ್ ಅನುಪಾತ), ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲು ಕೊಡುವ ಸಲಕರಣೆ) ಮೂರೂ ಕೂಡಿ ಬರಬೇಕು.

ಸಣ್ಣ ಮಕ್ಕಳಿದ್ದರೆ ಹಿಂದಿನ ಸೀಟು ದೊಡ್ಡದಿರಲಿ. ಫೋರ್ಡ್‌ನಲ್ಲಿ ಅದು ಸೂಪರ್‌ಕ್ರೂ, ಟೊಯೋಟ ಟಂಡ್ರಾದಲ್ಲಿ ಕ್ರೂಮ್ಯಾಕ್ಸ್. ಸೂಪರ್‌ಕ್ಯಾಬ್, ಡಬಲ್ ಕ್ಯಾಬ್ ಅನ್ನುವ ಸಣ್ಣ ಕ್ಯಾಬಿನ್‌ಗಳು ಇಕ್ಕಟ್ಟು, ಹಿಂಬದಿಗೆ ಮುಖ ಮಾಡಿ ಕೂರಿಸುವ ಕೂಸಿನ ಸೀಟು ಹಾಕಿದರೆ ಮುಂದಿನವರ ಮೊಳಕಾಲು ಡ್ಯಾಶ್‌ಬೋರ್ಡ್‌ಗೆ ತಾಗುತ್ತದೆ. ನಿಮ್ಮ ಗ್ಯಾರೇಜನ್ನೂ ಟೇಪ್ ಹಿಡಿದು ಅಳೆಯಿರಿ. ಐದೂವರೆ ಅಡಿ ಬೆಡ್ (ಹಿಂದೆ ಸಾಮಾನು ಹೇರುವ ತೆರೆದ ಜಾಗ) ಇರುವ ಸೂಪರ್‌ಕ್ರೂ ಹೆಚ್ಚು ಕಡಿಮೆ 19 ಅಡಿ ಉದ್ದ.

ಊರಿಂದ ಅಪ್ಪ-ಅವ್ವ ಬರುತ್ತಾರಲ್ಲ, ಅವರ ಬಗ್ಗೆ ಯಾವ ಸೇಲ್ಸ್‌ಮನ್ನೂ ಕೇಳುವುದಿಲ್ಲ. ಇಳಕಲ್ ಸೀರೆ ಉಟ್ಟ ಅವ್ವ ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಕೆ ಹುಡುಕುತ್ತಾರೆ. ಕಾಲಿಡಲು ಮೆಟ್ಟಿಲಿಲ್ಲ. ಬಾಗಿಲ ಕೆಳಗೆ ಕಾಲಿಡುವ ಪಟ್ಟಿ, ಅಂದರೆ ರನ್ನಿಂಗ್ ಬೋರ್ಡ್, ಕೆಳಗಿನ ಟ್ರಿಮ್‌ಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಹಾಕಿಸಿಕೊಳ್ಳಿ. ಗಾಜಿನ ಚಾವಣಿಗಿಂತ ಇದು ಮುಖ್ಯ.

ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮೇವು ಹಾಸಿಕೊಂಡು, ಬುತ್ತಿ ಕಟ್ಟಿಕೊಂಡು, ಓಣಿ ಮಂದಿಯೆಲ್ಲ ಜಾತ್ರೆಗೆ ಹೋಗಿ ಬೆಳೆದವರು ನಾವು. ಪಿಕಪ್‌ನ ತೆರೆದ ಬೆಡ್ ಕಂಡರೆ ಮಕ್ಕಳನ್ನು ಹತ್ತಿಸುವ ಆಸೆ ಆಗುತ್ತದೆ. ಬೇಡ. ಟೆಕ್ಸಾಸ್‌ನಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, 18 ವರ್ಷದೊಳಗಿನವರನ್ನು ಅಲ್ಲಿ ಕೂರಿಸುವುದು ಅಪರಾಧ, ಅಪಾಯವೂ ಹೌದು. ಆ ಖುಷಿ ನನ್ನ ಮಕ್ಕಳಿಗೆ ಸಿಗಲಿಲ್ಲ ಅನ್ನುವ ಬೇಜಾರು ನನಗೆ ಇನ್ನೂ ಇದೆ. ಆದರೆ ಯುಗಾದಿ ಊಟಕ್ಕೆ ದೊಡ್ಡ ಪಾತ್ರೆ, ಮಡಚುವ ಟೇಬಲ್ ಸಾಗಿಸಲು ಟ್ರಕ್ ಇದ್ದವರನ್ನೇ ಮೊದಲು ಕರೆಯುತ್ತಾರೆ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಾಮಾನು ಇಳಿಸುತ್ತಾ ಇಳಿಸುತ್ತಾ ಯಾರು ಕಾಕಾ, ಯಾರು ಮಾಮಾ ಅಂತ ಅವರಿಗೆ ಗೊತ್ತಾಗುತ್ತದೆ.

ಬೆಲೆ ವಿಷಯ. ಕಿಟಕಿಗೆ ಅಂಟಿಸುವ ಅಧಿಕೃತ ಬೆಲೆಪಟ್ಟಿ 1958ರ ಕಾನೂನಿನಿಂದ ಬಂದದ್ದು, ಅದರಲ್ಲಿ ಒಂದೊಂದು ಆಪ್ಷನ್‌ಗೂ ಬೆಲೆ ಇರುತ್ತದೆ. ಪಕ್ಕದಲ್ಲಿ ಡೀಲರ್ ತನ್ನದೇ ಇನ್ನೊಂದು ಚೀಟಿ ಹಚ್ಚಿದ್ದರೆ ಅದರ ಮೇಲೆ ಚೌಕಾಸಿ ಮಾಡಿ. ತಿಂಗಳ ಕಂತಿನ ಮಾತು ತೆಗೆದರೆ ನಿಲ್ಲಿಸಿ, ತೆರಿಗೆ ಸೇರಿ ಒಟ್ಟು ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ನಮ್ಮ ಹೆಚ್ಚಿನ ಮನೆಗಳಿಗೆ ಎಕ್ಸ್‌ಎಲ್‌ಟಿಯಂಥ ನಡುವಿನ ಟ್ರಿಮ್ ಸಾಕು. ಹೊಲ, ಕೆಸರು, ಹಿಮ ಇಲ್ಲದಿದ್ದರೆ ಫೋರ್ ವೀಲ್ ಡ್ರೈವ್ ಕೂಡ ಬೇಡ.