ಟೆನರೋ, ಬ್ಯಾರಿಟೋನೋ? ನಿಮ್ಮ ದನಿಯನ್ನು ನೀವೇ ಅಳೆದು ನೋಡಿ

ಹಾಡೋಕೆ ಶುರು ಮಾಡಿದ ಹೊಸತರಲ್ಲಿ ಒಂದು ದಿನ ಬೆಳಗ್ಗೆ ಎದ್ದ ಕೂಡಲೇ ಕೀಬೋರ್ಡ್ ಮುಂದೆ ಕೂತೆ. ಗಂಟಲಿಂದ ಗೊರಗೊರ ಅಂತ ಬಂದ ಸದ್ದನ್ನೂ ಸ್ವರ ಅಂತ ಲೆಕ್ಕ ಹಾಕಿದೆ. ನನ್ನದು ಬಾಸ್, ಅಂದರೆ ಗಂಡಸರಲ್ಲಿ ಎಲ್ಲಕ್ಕಿಂತ ತಗ್ಗಿನ ದನಿ ಎಂದು ತೀರ್ಮಾನಿಸಿಯೂ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಆ ಬಾಸ್ ಮಾಯ! ನಿದ್ದೆಯಿಂದ ಎದ್ದಾಗ ದನಿ ತಗ್ಗಿನಲ್ಲಿರುತ್ತದೆ, ನೆಗಡಿಯಲ್ಲೂ ಅಷ್ಟೇ. ಹಾಗಾಗಿ ಎದ್ದು ಎರಡು ಮೂರು ಗಂಟೆ ಆದ ಮೇಲೆ, ಹತ್ತು ನಿಮಿಷ ಗುನುಗಿ ಗಂಟಲು ಸಡಿಲ ಮಾಡಿಕೊಂಡು ಅಳತೆಗೆ ಕೂರಿ.

ಬೇಕಾಗುವುದು ಒಂದು ಕೀಬೋರ್ಡ್ ಅಥವಾ ಹಾಡಿದ ಸ್ವರದ ಹೆಸರು ತೋರಿಸುವ ಮೊಬೈಲಿನ ಟ್ಯೂನರ್ ಆ್ಯಪ್. ಸಿ4 ಎಂಬುದೇ ನಮ್ಮ ಮೈಲಿಗಲ್ಲು. ಇಲ್ಲಿ ಅಕ್ಷರ ಸ್ವರದ ಹೆಸರು, ಅಂಕಿ ಅದರ ಸ್ಥಾಯಿ; ಅಂಕಿ ದೊಡ್ಡದಾದಷ್ಟೂ ಸ್ವರ ಮೇಲಿನದು. 88 ಕೀಗಳ ಪಿಯಾನೋದಲ್ಲಿ ಅದು ಎಡದಿಂದ 40ನೇ ಕೀ, 61 ಕೀಗಳ ಕೀಬೋರ್ಡಿನಲ್ಲಿ ಎಡದಿಂದ ಮೂರನೇ ಸಿ. ಅದರ ಕಂಪನ ಸೆಕೆಂಡಿಗೆ ಸುಮಾರು 262. ಕೀಬೋರ್ಡ್ ಇದ್ದರೂ ಟ್ಯೂನರ್ ತೆರೆದಿಟ್ಟುಕೊಳ್ಳಿ. ಸಿ4 ಕೇಳಿ ಗಂಡಸರು ತಮಗೇ ಗೊತ್ತಿಲ್ಲದೆ ಸಿ3 ಹಾಡುವುದು ತುಂಬಾ ಮಾಮೂಲಿ. ಕಿವಿಗೆ ಎರಡೂ ಒಂದೇ ಅನ್ನಿಸುತ್ತದೆ, ಆದರೆ ಲೆಕ್ಕ ಪೂರ್ತಿ ಒಂದು ಸ್ಥಾಯಿ ತಪ್ಪುತ್ತದೆ.

ಈಗ ಆರಾಮವಾಗಿ ಬರುವ ಒಂದು ಸ್ವರದಿಂದ ‘ಆ’ ಎನ್ನುತ್ತಾ ಒಂದೊಂದೇ ಕೀ ಕೆಳಗಿಳಿಯಿರಿ. ನಾಲ್ಕು ಸೆಕೆಂಡ್ ಅಲುಗದೆ ನಿಲ್ಲಿಸಲು ಆಗುವ ಕೊನೆಯ ಸ್ವರವನ್ನು ಬರೆದುಕೊಳ್ಳಿ. ಗೊರಗೊರ ಸದ್ದು ಲೆಕ್ಕಕ್ಕಿಲ್ಲ. ಮೇಲಕ್ಕೂ ಹಾಗೆಯೇ ಹತ್ತಿ. ಕತ್ತಿನ ನರ ಉಬ್ಬಿತು, ಗದ್ದ ಮೇಲೆದ್ದಿತು ಎಂದರೆ ಅಲ್ಲಿಗೇ ನಿಲ್ಲಿಸಿ. ಗಂಡಸರಲ್ಲಿ ದನಿ ಇದ್ದಕ್ಕಿದ್ದಂತೆ ತೆಳ್ಳಗಾಗಿ ಫಾಲ್ಸೆಟೊಗೆ ಜಾರಿದರೆ ಆ ಭಾಗವನ್ನು ಬೇರೆ ಬರೆದಿಡಿ.

ಬರೆದುಕೊಂಡಿದ್ದನ್ನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರು ಮುಖ್ಯ ಬಗೆಗಳ ಜೊತೆ ಹೋಲಿಸಿ. ಹೆಂಗಸರಲ್ಲಿ ಎಲ್ಲಕ್ಕಿಂತ ಮೇಲಿನದು ಸೊಪ್ರಾನೊ, ಸುಮಾರು ಸಿ4ರಿಂದ ಸಿ6. ನಡುವಿನದು ಮೆಟ್ಸೊ ಸೊಪ್ರಾನೊ, ಎ3ರಿಂದ ಎ5. ಕೆಳಗಿನದು ಕಾಂಟ್ರಾಲ್ಟೊ, ಎಫ್3ರಿಂದ ಎಫ್5. ಇದು ಅಪರೂಪದ ದನಿ. ಗಂಡಸರಲ್ಲಿ ಮೇಲಿನದು ಟೆನರ್, ಸಿ3ರಿಂದ ಸಿ5. ನಡುವಿನದು ಬ್ಯಾರಿಟೋನ್, ಎ2ರಿಂದ ಎ4. ಕೆಳಗಿನದು ಬಾಸ್, ಇ2ರಿಂದ ಇ4. ಫಾಲ್ಸೆಟೊವನ್ನೇ ಪಳಗಿಸಿಕೊಂಡು ಹೆಂಗಸರ ಎತ್ತರದಲ್ಲಿ ಹಾಡುವ ಗಂಡಸರು ಕೌಂಟರ್ ಟೆನರ್‌ಗಳು. ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ಸಂಗೀತ ನಾಟಕವಾದ ಆಪೆರಾದಲ್ಲಿ ಈ ಗಡಿಗಳು ಇನ್ನೂ ಹಿಗ್ಗುತ್ತವೆ. ಮೊಟ್ಸಾರ್ಟ್ 1791ರಲ್ಲಿ ಬರೆದ ‘ದಿ ಮ್ಯಾಜಿಕ್ ಫ್ಲೂಟ್’ನಲ್ಲಿ ರಾತ್ರಿಯ ರಾಣಿ ಎಫ್6 ಮುಟ್ಟುತ್ತಾಳೆ, ಅದೇ ಆಪೆರಾದ ಸರಾಸ್ಟ್ರೊ ಎಫ್2ಗೆ ಇಳಿಯುತ್ತಾನೆ. ಇಬ್ಬರ ನಡುವೆ ನಾಲ್ಕು ಸ್ಥಾಯಿ!

ಪಟ್ಟಿಯಲ್ಲಿ ನಿಮ್ಮ ಅಳತೆ ಎರಡು ಬಗೆಗಳಿಗೆ ಹೊಂದುತ್ತಿದೆ, ಅಲ್ವಾ? ಹೆಚ್ಚಿನವರಿಗೆ ಹಾಗೇ ಆಗುತ್ತದೆ. ಒಳ್ಳೆಯ ಬ್ಯಾರಿಟೋನ್ ಒಬ್ಬರು ಟೆನರ್‌ಗಳ ಮೇಲಿನ ಸ್ವರವನ್ನು ಮುಟ್ಟಿ ಬರಬಲ್ಲರು. ಆದರೆ ಅಲ್ಲೇ ಅರ್ಧ ಗಂಟೆ ಹಾಡಿ ಎಂದರೆ ಗಂಟಲು ಕೈಕೊಡುತ್ತದೆ. ನನ್ನ ಮಟ್ಟಿಗೆ ಇಡೀ ಅಳತೆಯಲ್ಲಿ ಮುಖ್ಯವಾದದ್ದು ಇದೇ: ದನಿ ಯಾವ ಸ್ವರ ಮುಟ್ಟುತ್ತದೆ ಎನ್ನುವುದಕ್ಕಿಂತ ಎಲ್ಲಿ ಆರಾಮವಾಗಿ ಕೂರುತ್ತದೆ ಎನ್ನುವುದು. ಹಾಡುಗಾರರು ಇದಕ್ಕೆ ಟೆಸಿಟುರಾ ಎನ್ನುತ್ತಾರೆ. ಪತ್ತೆ ಮಾಡುವುದು ಸುಲಭ. ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ಮೂರು ನಾಲ್ಕು ಶ್ರುತಿಗಳಲ್ಲಿ ಹಾಡಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಕೇಳಿ. ಯಾವುದರಲ್ಲಿ ದನಿ ತುಂಬಿಕೊಂಡು ಬಂದಿದೆ, ಮಾತು ಬಿಡಿಬಿಡಿಯಾಗಿ ಕೇಳುತ್ತಿದೆ ಎನ್ನುವುದು ಗೊತ್ತಾಗುತ್ತದೆ.

ಇನ್ನೊಂದು ಸುಳಿವು, ದನಿ ಮಗ್ಗುಲು ಬದಲಿಸುವ ಜಾಗ. ಮೇಲೇರುತ್ತಾ ಹೋದಾಗ ಎದೆಯ ದನಿ (ಮಾತಾಡುವಾಗಿನ ತುಂಬು ದನಿ) ಒಂದು ಕಡೆ ತಡವರಿಸಿ ತಲೆಯ ದನಿಗೆ (ಮೇಲಿನ ಸ್ವರಗಳ ಹಗುರ ದನಿ) ಹೊರಳುತ್ತದೆ. ಬ್ಯಾರಿಟೋನ್‌ಗಳಲ್ಲಿ ಈ ತಡವರಿಕೆ ಸುಮಾರು ಬಿ3ರಲ್ಲೇ ಶುರು, ಟೆನರ್‌ಗಳಲ್ಲಿ ಡಿ4ರ ಆಸುಪಾಸು. ಸ್ವರದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಎ3 ಸ್ವರ ಬಾಸ್ ಗಾಯಕರಲ್ಲಿ ಬಿಗಿಯಾಗಿ, ಟೆನರ್‌ನಲ್ಲಿ ಹಗುರವಾಗಿ ಕೇಳುತ್ತದೆ.

ದನಿ ಒಡೆಯುತ್ತಿರುವ ಹುಡುಗರಿಗೆ ಸದ್ಯಕ್ಕೆ ಯಾವ ಹೆಸರೂ ಬೇಡ. ದೊಡ್ಡವರೂ ಆತುರಪಡಬೇಕಿಲ್ಲ. ಸ್ಪೇನಿನ ಆಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ಶುರು ಮಾಡಿದ್ದು ಬ್ಯಾರಿಟೋನ್ ಆಗಿ, ಹೆಸರು ಮಾಡಿದ್ದು ಟೆನರ್ ಆಗಿ. 2009ರಲ್ಲಿ ಮತ್ತೆ ಬ್ಯಾರಿಟೋನ್ ಪಾತ್ರ ಹಾಡಿದರು.

ಸಮೂಹಗಾನಕ್ಕೆ ಸೇರುವವರು ಒಂದು ವಿಷಯಕ್ಕೆ ತಯಾರಿರಿ. ಅಲ್ಲಿ ಸಾಮಾನ್ಯವಾಗಿ ಇರುವುದು ಸೊಪ್ರಾನೊ, ಆಲ್ಟೊ (ಹೆಂಗಸರ ಕೆಳಗಿನ ಸಾಲು), ಟೆನರ್, ಬಾಸ್ ಎಂಬ ನಾಲ್ಕೇ ಸಾಲು. ನಡುವಿನ ದನಿಯವರೇ ಜಾಸ್ತಿ ಇದ್ದರೂ ಮೆಟ್ಸೊಗೂ ಬ್ಯಾರಿಟೋನ್‌ಗೂ ಸ್ವಂತ ಸಾಲಿಲ್ಲ. ಒಂದು ವಾರ ಮೇಲಿನ ಸಾಲಿನಲ್ಲಿ ನಿಂತು ಹಾಡಿ, ಇನ್ನೊಂದು ವಾರ ಕೆಳಗಿನದರಲ್ಲಿ. ಅಭ್ಯಾಸ ಮುಗಿಸಿ ಹೊರಟಾಗ ಗಂಟಲು ನೋಯದ ಸಾಲನ್ನೇ ಇಟ್ಟುಕೊಳ್ಳಿ.