ಫ್ಲಶ್ ಟ್ರಿಮ್ ಬಿಟ್: ಬೇರಿಂಗ್ ಓಡುವ ದಾರಿ ಮೊದಲು ನೋಡಿ

ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ ಮೈಕಾ ಪ್ಲೈವುಡ್‌ಗಿಂತ 3 ಮಿ.ಮೀ. ಹೊರಗೆ ಚಾಚಿಕೊಂಡಿದೆ. ದೇವರ ಮಂಟಪಕ್ಕೆಂದು ಜಿಗ್‌ಸಾದಲ್ಲಿ ಕೊಯ್ದ ತೇಗದ ಕಮಾನಿನ ಅಂಚು ಅಂಕುಡೊಂಕಾಗಿದೆ. ಎರಡನ್ನೂ ಸರಿಮಾಡಲು ಬೇಕಾದ್ದು ಫ್ಲಶ್ ಟ್ರಿಮ್ ಬಿಟ್. ಇದನ್ನು ಹಾಕುವುದು ರೌಟರ್‌ಗೆ, ಎಂದರೆ ಬಿಟ್ಟನ್ನು ಅತಿವೇಗದಲ್ಲಿ ತಿರುಗಿಸಿ ಮರ ಸವರುವ ಮೆಷಿನ್ನಿಗೆ. ನೇರ ಅಲಗಿನ ರೌಟರ್ ಬಿಟ್‌ಗೆ ಅಲಗಿನಷ್ಟೇ ವ್ಯಾಸದ ಪುಟ್ಟ ಬೇರಿಂಗ್ ಕೂರಿಸಿರುತ್ತಾರೆ, ಅಷ್ಟೇ. ಬೇರಿಂಗ್ ಯಾವ ಮೈಗೆ ಒರಗಿ ಉರುಳುತ್ತದೋ ಆ ಮೈಗೆ ಸರಿಸಮವಾಗಿ ಅಲಗು ಹೆಚ್ಚುವರಿ ಭಾಗವನ್ನು ಸವರುತ್ತದೆ.

ಆ ಮೈಯಲ್ಲಿ ತಗ್ಗಿದ್ದರೆ ತಗ್ಗು, ಉಬ್ಬಿದ್ದರೆ ಉಬ್ಬು, ಹಾಗೆಯೇ ಹೊಸ ಅಂಚಿಗೂ ಇಳಿಯುತ್ತದೆ. ಅಂಚು ಕೆಟ್ಟಾಗ ಬಿಟ್ ಸರಿಯಿಲ್ಲ ಎಂದು ಬೈಯುವವರೇ ಹೆಚ್ಚು. ಬಹುತೇಕ ಸಲ ತಪ್ಪಿರುವುದು ಬೇರಿಂಗ್‌ಗೆ ಮಾಡಿಕೊಟ್ಟ ದಾರಿಯಲ್ಲಿ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: ನನ್ನ ಕೆಲಸದಲ್ಲಿ ಬೇರಿಂಗ್ ಎಲ್ಲಿ ಓಡಬೇಕು?

ತುದಿಯ ಬೇರಿಂಗ್, ಬುಡದ ಬೇರಿಂಗ್

ಬೇರಿಂಗ್ ಬಿಟ್‌ನ ತುದಿಯಲ್ಲಿರಬಹುದು, ಇಲ್ಲವೇ ಮೆಷಿನ್ ಹಿಡಿಯುವ ಕಡೆ, ಅಲಗಿನ ಬುಡದಲ್ಲಿರಬಹುದು. ಮೇಲಿನ ಬೇರಿಂಗ್, ಕೆಳಗಿನ ಬೇರಿಂಗ್ ಎಂದು ಕರೆದರೆ ಗೊಂದಲವಾಗುತ್ತದೆ. ರೌಟರನ್ನು ಮೇಜಿನಡಿ ತಲೆಕೆಳಗಾಗಿ ಕೂರಿಸಿದ ಕೂಡಲೇ ಮೇಲಿನದು ಕೆಳಗಾಗಿಬಿಡುತ್ತದೆ. ತುದಿ, ಬುಡ ಎನ್ನುವುದೇ ಸರಿ.

ಕೈಯಲ್ಲಿ ಹಿಡಿದು ಕೆಲಸ ಮಾಡುವಾಗ ಸವರಬೇಕಾದ್ದು ಮೇಲಿದ್ದು, ದಾರಿ ತೋರುವ ಮೈ ಕೆಳಗಿದ್ದರೆ ತುದಿಯ ಬೇರಿಂಗ್ ಬೇಕು. ಮೈಕಾ ಕೆಲಸ ಈ ಬಗೆಯದು. ಟೆಂಪ್ಲೇಟ್ (ಬೇಕಾದ ಆಕಾರಕ್ಕೆ ಕೊಯ್ದ ಅಚ್ಚುಹಲಗೆ) ಮೇಲಿದ್ದು ಮರ ಕೆಳಗಿದ್ದರೆ ಬುಡದ ಬೇರಿಂಗ್ ಬೇಕು. ಎರಡೂ ಕಡೆ ಬೇರಿಂಗ್ ಇರುವ ಬಿಟ್ ಕೂಡ ಸಿಗುತ್ತದೆ. ಬೆಲೆ ಹೆಚ್ಚು, ಆದರೆ ತಿರುವುಗಳ ಕೆಲಸ ಹೆಚ್ಚಿರುವವರಿಗೆ ಒಳ್ಳೆಯದು.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ಕೊಲೆಟ್‌ಗೆ ಹೋಗುವ ಶ್ಯಾಂಕ್ ಅಳತೆ. ಶ್ಯಾಂಕ್ ಎಂದರೆ ಬಿಟ್‌ನ ಹಿಡಿ, ಕೊಲೆಟ್ ಎಂದರೆ ಅದನ್ನು ಕಚ್ಚಿ ಹಿಡಿಯುವ ಮೆಷಿನ್ನಿನ ಬಾಯಿ. ಟ್ರಿಮ್ಮರ್ ಎಂಬ ಸಣ್ಣ ರೌಟರ್‌ಗಳ ಕೊಲೆಟ್ ಸಾಮಾನ್ಯವಾಗಿ 6 ಮಿ.ಮೀ. ಇಲ್ಲವೇ ಕಾಲು ಇಂಚು, ಎಂದರೆ 6.35 ಮಿ.ಮೀ. ಇರುತ್ತದೆ. ಕಣ್ಣಿಗೆ ಎರಡೂ ಒಂದೇ. ಕಾಲಿಂಚಿನ ಕೊಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿ ನಟ್ ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ನಿಮಿಷಕ್ಕೆ 30,000 ಸುತ್ತಿನ ವೇಗದಲ್ಲಿ ಬಿಟ್ ಜಾರಿ ಕೆಳಗಿಳಿಯುತ್ತದೆ, ಹಾರಿ ಬರಲೂಬಹುದು. ದೊಡ್ಡ ರೌಟರ್‌ಗಳಲ್ಲಿ 12 ಮತ್ತು 12.7 ಮಿ.ಮೀ.ಗಳ ನಡುವೆಯೂ ಇದೇ ತೊಡಕು. ಕ್ಯಾಲಿಪರ್ ಇಟ್ಟು ಅಳೆದೇ ತನ್ನಿ.

ಆಮೇಲೆ ಅಲಗಿನ ಉದ್ದ. ಉದ್ದವಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಉದ್ದದ ಬಿಟ್ ಭಾರಕ್ಕೆ ಕೊಂಚ ಬಾಗುತ್ತದೆ, ನಡುಗುತ್ತದೆ, ಅಂಚಿನಲ್ಲಿ ಅಲೆಯಂಥ ಗುರುತು ಬಿಡುತ್ತದೆ. ಮೈಕಾಕ್ಕೆ 12 ಮಿ.ಮೀ. ಅಲಗು ಧಾರಾಳ ಸಾಕು. 18 ಮಿ.ಮೀ. ಪ್ಲೈವುಡ್ಡನ್ನೇ ಟೆಂಪ್ಲೇಟ್ ಪ್ರಕಾರ ಸವರಲು 25 ಮಿ.ಮೀ. ಬೇಕು. 25 ಮಿ.ಮೀ. ಹಲಗೆಗೆ 30 ಮಿ.ಮೀ. ಇರಲಿ. ಅಷ್ಟು ಉದ್ದದ ಅಲಗಿಗೆ ದಪ್ಪ ಶ್ಯಾಂಕ್ ಮತ್ತು ದೊಡ್ಡ ರೌಟರ್ ಬೇಕು, ಟ್ರಿಮ್ಮರ್ ಸಾಲದು.

ಅಲಗು ಕಾರ್ಬೈಡ್‌ನದೇ ಇರಲಿ. ಮೈಕಾ ಮತ್ತು ಪ್ಲೈವುಡ್‌ನ ಅಂಟು ಹೈಸ್ಪೀಡ್ ಸ್ಟೀಲ್ ಅಲಗನ್ನು ಬೇಗ ಮೊಂಡು ಮಾಡುತ್ತವೆ. ತೇಗದ ಮರದಲ್ಲೂ ಸಿಲಿಕಾ ಇರುವುದರಿಂದ ಅದೂ ಹಾಗೆಯೇ. ಮೈಕಾಕ್ಕೆ ಎರಡು ನೇರ ಅಲಗಿನ ಸಾದಾ ಬಿಟ್ ಸಾಕು. ಗಟ್ಟಿ ಮರಕ್ಕೆ ಅಲಗು ಕೊಂಚ ಓರೆಯಾಗಿರುವ ಬಿಟ್ ನುಣುಪಾಗಿ ಕತ್ತರಿಸುತ್ತದೆ. ಎರಡೂ ಮೈಗೆ ವಿನಿಯರ್ (ತೆಳು ಮರದ ಪದರ) ಇರುವ ಪ್ಲೈವುಡ್ಡಿಗೆ ಕಂಪ್ರೆಷನ್ ಸ್ಪೈರಲ್ ಎಂಬ ಬಿಟ್ ಇದೆ. ಅದರ ಮೇಲಿನ ಸುರುಳಿ ಕೆಳಕ್ಕೂ ಕೆಳಗಿನ ಸುರುಳಿ ಮೇಲಕ್ಕೂ ಒತ್ತುವುದರಿಂದ ಯಾವ ಮೈಯಲ್ಲೂ ಚಕ್ಕೆ ಏಳುವುದಿಲ್ಲ.

ಹೊಸ ಬಿಟ್ ತಂದ ದಿನವೇ ಚೂರು ಪ್ಲೈವುಡ್ ಮೇಲೆ ಪರೀಕ್ಷಿಸಿ. ಸವರಿದ ಅಂಚಿನಲ್ಲಿ ಉಗುರು ಎಳೆದು ನೋಡಿ. ಸವರಿದ ಭಾಗ ಉಬ್ಬಿ ನಿಂತಿದ್ದರೆ ಬೇರಿಂಗ್ ಅಲಗಿಗಿಂತ ದೊಡ್ಡದು, ಒಳಗೆ ತಗ್ಗಿದ್ದರೆ ಚಿಕ್ಕದು. ಉಬ್ಬನ್ನು ಉಪ್ಪುಕಾಗದ ತೆಗೆಯುತ್ತದೆ, ತಗ್ಗಿಗೆ ಪರಿಹಾರವಿಲ್ಲ. ಎರಡನೆಯ ಬಗೆಯದನ್ನು ಹಿಂದಿರುಗಿಸಿಬಿಡಿ.

ಬಿಟ್ ಹಾಕುವ ಕ್ರಮ

ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಶ್ಯಾಂಕ್ ಮತ್ತು ಕೊಲೆಟ್ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಬಿಟ್ಟನ್ನು ತಳ ಮುಟ್ಟುವವರೆಗೆ ತಳ್ಳಿ, 2 ಮಿ.ಮೀ. ಹಿಂದಕ್ಕೆಳೆದು ನಟ್ ಬಿಗಿಯಿರಿ. ಬಿಗಿಯುವಾಗ ಕೊಲೆಟ್ ಬಿಟ್ಟನ್ನು ತುಸು ಒಳಗೆಳೆಯುತ್ತದೆ. ತಳ ಮೊದಲೇ ಮುಟ್ಟಿದ್ದರೆ ಎಳೆಯಲು ಜಾಗವಿಲ್ಲದೆ ಹಿಡಿತ ಅರ್ಧಕ್ಕೇ ನಿಲ್ಲುತ್ತದೆ. ಕನಿಷ್ಠ 20 ಮಿ.ಮೀ. ಶ್ಯಾಂಕ್ ಕೊಲೆಟ್ ಒಳಗಿರಲಿ. ಕೊನೆಗೆ ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಅಲುಗಾಡಬಾರದು, ಕರಕರ ಎನ್ನಬಾರದು.

ಮೈಕಾ ಸವರುವುದು

ಮೈಕಾವನ್ನು ನಾಲ್ಕೂ ಕಡೆ 3 ಮಿ.ಮೀ. ಹೆಚ್ಚಿಟ್ಟು ಕತ್ತರಿಸಿ. 10 ಮಿ.ಮೀ. ಬಿಟ್ಟರೆ ಸವರುವಾಗ ಅದು ಪಟಪಟ ಬಡಿದು ಒಳಕ್ಕೆ ಸೀಳಬಹುದು. ಅಂಟು ಪೂರ್ತಿ ಕೂರಲಿ. ಬಿಳಿ ಅಂಟು ಹಾಕಿದ್ದರೆ ಭಾರವಿಟ್ಟು ಮರುದಿನ ಕೈಹಾಕುವುದು ವಾಸಿ.

ಈಗ ಬೇರಿಂಗ್‌ನ ದಾರಿ. ಪ್ಲೈವುಡ್‌ನ ಅಂಚಿನುದ್ದಕ್ಕೂ ಬೆರಳಾಡಿಸಿ. ಅಂಟಿನ ಹನಿ ಗಟ್ಟಿಯಾಗಿದ್ದರೆ ಉಳಿಯಿಂದ ಕೆರೆದು ತೆಗೆಯಿರಿ, ಇಲ್ಲವಾದರೆ ಅಲ್ಲಿ ಮೈಕಾ ಉಬ್ಬಿಕೊಂಡೇ ಉಳಿಯುತ್ತದೆ. ಒಳಪದರದಲ್ಲಿ ಪೊಳ್ಳು ಇದ್ದರೆ ಅದು ಇನ್ನೂ ಕೆಟ್ಟದ್ದು. ಬೇರಿಂಗ್ ಆ ಪೊಳ್ಳಿಗೆ ಇಳಿದ ಕ್ಷಣ ಅಲಗು ಮೈಕಾವನ್ನು ಕಚ್ಚಿ ತಿನ್ನುತ್ತದೆ. ಅಗ್ಗದ ಪ್ಲೈವುಡ್ಡಿನ ಬಾಗಿಲುಗಳಲ್ಲಿ ಅಂಚಿನ ನಡುವೆ ಕಾಣುವ ಅರ್ಧಚಂದ್ರದ ಕಚ್ಚುಗಳು ಬಹುಪಾಲು ಹೀಗೆ ಬಂದವು. ಪೊಳ್ಳಿಗೆ ಮರದ ಸಿಬಿರು ಅಂಟು ಹಾಕಿ ತುಂಬಿ, ಒಣಗಿದ ಮೇಲೆ ಸಮ ಮಾಡಿ.

ಅಲಗು ಮೈಕಾ ದಾಟಿ 2 ಮಿ.ಮೀ. ಮಾತ್ರ ಕೆಳಗಿಳಿಯುವಂತೆ ಆಳ ಹೊಂದಿಸಿ. ಅಂಚಿಗೆ ಆಗಲೇ ಮೈಕಾ ಪಟ್ಟಿ ಅಂಟಿಸಿದ್ದರೆ ಇದು ಇನ್ನೂ ಮುಖ್ಯ, ಹೆಚ್ಚು ಇಳಿದಷ್ಟೂ ಪಟ್ಟಿಯ ಬಣ್ಣದ ಮೈಗೆ ಗೀರು ಬೀಳುತ್ತದೆ. ಬೇರಿಂಗ್ ಓಡುವ ಪಟ್ಟಿಯ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸುಟ್ಟ ಗೆರೆಯೂ ಬೀಳುವುದಿಲ್ಲ. ಎರಡೂ ಮುಖಕ್ಕೆ ಮೈಕಾ ಇದ್ದರೆ ಒಂದನ್ನು ಸವರಿ ಮುಗಿಸಿ ಆಮೇಲೆ ಇನ್ನೊಂದನ್ನು ಅಂಟಿಸಿ. ಕೆಳಗಿನ ಚಾಚು ಬೇರಿಂಗ್‌ಗೆ ಅಡ್ಡ ಬರಬಾರದು.

ಮೆಷಿನ್ ಓಡಿಸುವ ದಿಕ್ಕು: ನೀವು ಅಂಚಿನೆದುರು ನಿಂತಾಗ ಎಡದಿಂದ ಬಲಕ್ಕೆ. ಹಲಗೆಯ ಸುತ್ತ ನೋಡಿದರೆ ಇದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು. ಸಿಂಕ್‌ಗೆ ಕೊರೆದ ಕಿಂಡಿಯಂಥ ಒಳ ಅಂಚಿನಲ್ಲಾದರೆ ಮುಳ್ಳಿನ ದಿಕ್ಕಿನಲ್ಲೇ. ಹೀಗೆ ಓಡಿಸಿದಾಗ ಅಲಗಿನ ತಿರುಗು ಬೇರಿಂಗನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ. ಉಲ್ಟಾ ಓಡಿಸಿದರೆ ಬಿಟ್ ಚಕ್ರದ ಹಾಗೆ ಅಂಚಿನ ಮೇಲೆ ಉರುಳಿ ಮೆಷಿನ್ನನ್ನೇ ಕೈಯಿಂದ ಎಳೆದೊಯ್ಯುತ್ತದೆ. ಮೆಷಿನ್ ಪೂರ್ಣ ವೇಗಕ್ಕೆ ಬಂದ ಮೇಲಷ್ಟೇ ಅಂಚಿಗೆ ತಾಗಿಸಿ, ತಳ ಓರೆಯಾಗದಂತೆ ಹಲಗೆಯ ಕಡೆಗೇ ಭಾರ ಹಾಕಿ. ಕನ್ನಡಕ ಹಾಕದೆ ಮೈಕಾ ಸವರಬೇಡಿ, ಅದರ ಚೂರುಗಳು ಗಾಜಿನಷ್ಟೇ ಚೂಪು. ಕೈಗವಸು ಮಾತ್ರ ಬೇಡ, ತಿರುಗುವ ಬಿಟ್‌ಗೆ ಸಿಕ್ಕಿಕೊಳ್ಳುತ್ತದೆ.

ತೇಗದ ಪಟ್ಟಿ ಸಮ ಮಾಡುವುದು

ಪ್ಲೈವುಡ್‌ನ ಅಂಚಿಗೆ ಅಂಟಿಸಿದ ಮರದ ಪಟ್ಟಿ ಮುಖಕ್ಕಿಂತ 1 ಮಿ.ಮೀ. ಮಾತ್ರ ಮೇಲಿರಲಿ. ಹಲಗೆಯನ್ನು ಪಟ್ಟಿ ಮೇಲೆ ಬರುವಂತೆ ಲಂಬವಾಗಿ ನಿಲ್ಲಿಸಿ ಅಲುಗದಂತೆ ಬಿಗಿಯಿರಿ. ಬೇರಿಂಗ್ ಹಲಗೆಯ ಮುಖದ ಮೇಲೆ, ಮೆಷಿನ್ನಿನ ತಳ ಪಟ್ಟಿಯ ಮೇಲೆ. ಇಲ್ಲಿ ಕಷ್ಟವೆಂದರೆ ತಳ ಕೂರಲು ಸಿಗುವುದು 20 ಮಿ.ಮೀ. ಅಗಲ. ಮೆಷಿನ್ ಕೂದಲೆಳೆಯಷ್ಟು ವಾಲಿದರೂ ಅಲಗು ವಿನಿಯರ್ ಕೊರೆದುಬಿಡುತ್ತದೆ. ಆದ್ದರಿಂದ ಹಿಂಬದಿಗೆ 50 ಮಿ.ಮೀ. ದಪ್ಪದ ರೀಪನ್ನು ಪಟ್ಟಿಯ ಮೇಲ್ಮೈಗೆ ಸಮವಾಗಿ ಕ್ಲ್ಯಾಂಪ್ ಮಾಡಿ. ಹಿಂಬದಿಯಲ್ಲೂ ಪಟ್ಟಿ ಚಾಚಿರುತ್ತದಲ್ಲ, ರೀಪು ಮತ್ತು ಹಲಗೆಯ ನಡುವೆ ಪಟ್ಟಿಗಿಂತ ಕೆಳಗೆ 2 ಮಿ.ಮೀ. ಮೈಕಾ ಚೂರುಗಳನ್ನು ಸಿಕ್ಕಿಸಿದರೆ ಅದು ಅಡ್ಡಿಯಾಗುವುದಿಲ್ಲ.

ಬೇರಿಂಗ್ ಮೇಲೆ ಒಂದು ಸುತ್ತು ಸೆಲ್ಲೋ ಟೇಪ್ ಸುತ್ತಿದರೆ ಪಟ್ಟಿ ಕಾಗದದಷ್ಟು ಎತ್ತರ ಉಳಿಯುತ್ತದೆ, ಕೊನೆಯ ಸಮವನ್ನು ಉಪ್ಪುಕಾಗದದಲ್ಲಿ ಮಾಡಬಹುದು. ತೆಳು ವಿನಿಯರ್ ಇರುವಲ್ಲಿ ಇದನ್ನು ತಪ್ಪದೆ ಮಾಡಿ.

ಕಮಾನಿನ ತಿರುವು

ಟೆಂಪ್ಲೇಟ್‌ಗೆ 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೆಗೆದುಕೊಳ್ಳಿ. 6 ಮಿ.ಮೀ.ನಲ್ಲಿ ಬೇರಿಂಗ್‌ಗೆ ಒರಗಲು ಜಾಗ ತೀರಾ ಕಡಿಮೆ. ಕಮಾನಿನ ಗೆರೆ ಎಳೆದು, ಕೊಯ್ದು, 120 ನಂಬರಿನ ಕಾಗದದಲ್ಲಿ ಉಜ್ಜಿ. ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಯೇ, ಕಣ್ಣಿಗೆ ಕಾಣದ ಉಬ್ಬುತಗ್ಗನ್ನು ಬೆರಳು ಹಿಡಿಯುತ್ತದೆ. ಟೆಂಪ್ಲೇಟ್ ಎರಡೂ ತುದಿಯಲ್ಲಿ ಮರಕ್ಕಿಂತ 25 ಮಿ.ಮೀ. ಉದ್ದವಿರಲಿ. ಅಲಗು ಮರಕ್ಕೆ ತಾಗುವ ಮೊದಲೇ ಬೇರಿಂಗ್‌ಗೆ ಆಸರೆ ಸಿಗಬೇಕು. ಎಂಡಿಎಫ್ ದೂಳು ಬಹಳ ಸಣ್ಣದು, ಮಾಸ್ಕ್ ಹಾಕಿ.

ತೇಗದ ಹಲಗೆಯನ್ನು ಜಿಗ್‌ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಯಿರಿ. ರೌಟರ್ ಇರುವುದು ಸವರಲಿಕ್ಕೆ, ಕೊಯ್ಯಲಿಕ್ಕಲ್ಲ. ಟೆಂಪ್ಲೇಟನ್ನು ಎರಡು ಬದಿಯ ಟೇಪ್‌ನಿಂದ ಅಂಟಿಸಿ, ಅರ್ಧ ನಿಮಿಷ ಕ್ಲ್ಯಾಂಪ್ ಒತ್ತಿ ತೆಗೆಯಿರಿ.

ಇನ್ನು ಎಳೆಯ ದಿಕ್ಕು. ಮರದ ಎಳೆ ಹಲಗೆಯ ಉದ್ದಕ್ಕೆ ಹರಿಯುತ್ತದೆ, ಕಮಾನಿನ ಒಳಬಾಗಿದ ಅಂಚು ಅದನ್ನು ಓರೆಯಾಗಿ ಕಡಿಯುತ್ತದೆ. ಕಮಾನಿನ ಕಾಲಿನಿಂದ ನೆತ್ತಿಯ ಕಡೆಗೆ ಸವರಿದರೆ ಎಳೆಗಳು ಒರಗಿ ಮಲಗುತ್ತವೆ. ನೆತ್ತಿಯಿಂದ ಇನ್ನೊಂದು ಕಾಲಿನ ಕಡೆಗೆ ಹೋದರೆ ಅಲಗು ಎಳೆಗಳ ತುದಿಗೇ ಎದುರಾಗಿ, ಅಡಿಗೆ ನುಗ್ಗಿ ಚಕ್ಕೆ ಎಬ್ಬಿಸುತ್ತದೆ. ಕೆಲವೊಮ್ಮೆ ಬೆರಳುದ್ದದ ತುಂಡೇ ಹಾರಿಹೋಗುತ್ತದೆ. ಮೆಷಿನ್ನಿನ ದಿಕ್ಕು ಬದಲಿಸುವಂತಿಲ್ಲ, ಹಲಗೆಯನ್ನೇ ಮಗುಚಬೇಕು. ಟೆಂಪ್ಲೇಟ್ ಮೇಲಿಟ್ಟು, ಬುಡದ ಬೇರಿಂಗ್ ಬಿಟ್‌ನಿಂದ ಎಡಗಾಲಿನಿಂದ ನೆತ್ತಿಯವರೆಗೆ ಸವರಿ ನಿಲ್ಲಿಸಿ. ಟೆಂಪ್ಲೇಟ್ ಕೀಳದೆ ಹಲಗೆ ಮಗುಚಿ. ಈಗ ಟೆಂಪ್ಲೇಟ್ ಕೆಳಗಿದೆ, ಉಳಿದ ಅರ್ಧ ನಿಮ್ಮ ಎಡಕ್ಕೆ ಬಂದಿದೆ. ತುದಿಯ ಬೇರಿಂಗ್ ಬಿಟ್ ಹಾಕಿ ಮತ್ತೆ ಕಾಲಿನಿಂದ ನೆತ್ತಿಗೆ ಬನ್ನಿ. ಎರಡು ಬೇರಿಂಗ್‌ನ ಬಿಟ್ ಇದ್ದರೆ ಆಳ ಬದಲಿಸಿದರೆ ಸಾಕು. ಉಬ್ಬಿದ ತಿರುವಿಗೆ ಈ ಲೆಕ್ಕ ತಿರುಗುಮುರುಗು: ನೆತ್ತಿಯಿಂದ ಕೆಳಕ್ಕೆ.

ಹಲಗೆ ತೀರ ದಪ್ಪವಿದ್ದರೆ ಬುಡದ ಬೇರಿಂಗ್ ಇರುವ ಗಿಡ್ಡ ಅಲಗಿನ ಬಿಟ್‌ನಿಂದ ಮೇಲಿನ ಭಾಗ ಸವರಿ, ಟೆಂಪ್ಲೇಟ್ ತೆಗೆದು ಬಿಟ್ ಇಳಿಸಿ. ಬೇರಿಂಗ್ ಆಗ ತಾನೇ ಸವರಿದ ಮರದ ಮೈಗೇ ಒರಗಿ ಓಡುತ್ತದೆ. ಒಳಮೂಲೆಗಳನ್ನು ಮಾತ್ರ ಯಾವ ಬಿಟ್ಟೂ ಚೌಕ ಮಾಡಲಾರದು. 12.7 ಮಿ.ಮೀ. ಬಿಟ್ 6.35 ಮಿ.ಮೀ. ತ್ರಿಜ್ಯದ ಗುಂಡುಮೂಲೆ ಬಿಡುತ್ತದೆ, ಅದಕ್ಕೆ ಉಳಿಯೇ ಗತಿ.

ಸುಟ್ಟ ಗುರುತು, ಸಿಕ್ಕಿದ ಬೇರಿಂಗ್

ಮರದ ಅಂಚು ಕಪ್ಪಾದರೆ ಮೂರು ಕಾರಣ ಹುಡುಕಿ: ಮೆಷಿನ್ನನ್ನು ಒಂದೆಡೆ ನಿಲ್ಲಿಸಿದ್ದು, ಅಲಗು ಮೊಂಡಾಗಿದ್ದು, ಅಲಗಿಗೆ ಅಂಟುರಸ ಹತ್ತಿದ್ದು. ಅಂಟುರಸವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ಅದಕ್ಕೆ ಮೊದಲು ಬೇರಿಂಗ್ ಬಿಚ್ಚಿಡಿ. ಎಣ್ಣೆ, ಥಿನ್ನರ್ ಬೇರಿಂಗ್ ಒಳಗೆ ಹೋದರೆ ಗ್ರೀಸ್ ತೊಳೆದುಹೋಗುತ್ತದೆ.

ರಬ್ಬರ್ ಅಂಟಿನ ಕೆಲಸದಲ್ಲಿ ಅಂಟಿನ ಎಳೆಗಳು ಬೇರಿಂಗ್‌ಗೆ ಸುತ್ತಿಕೊಳ್ಳುತ್ತವೆ. ಸಿಕ್ಕಿಕೊಂಡ ಬೇರಿಂಗ್ ಬಿಟ್‌ನ ವೇಗದಲ್ಲೇ ತಿರುಗಿ ಮೈಕಾವನ್ನು ಉಜ್ಜಿ ಸುಡುತ್ತದೆ. ಪ್ರತಿ ಬಾಗಿಲು ಮುಗಿದ ಮೇಲೆ ಪ್ಲಗ್ ಕಿತ್ತು ಅದನ್ನು ಬೆರಳಿನಿಂದ ತಿರುಗಿಸಿ ನೋಡಿ.

ಬಿಟ್ಟನ್ನು ಸಾಣೆ ಹಿಡಿಸಿದರೆ ಅಲಗಿನ ವ್ಯಾಸ ಇಳಿಯುತ್ತದೆ, ಬೇರಿಂಗ್ ಅಷ್ಟೇ ಉಳಿಯುತ್ತದೆ, ಅಂಚಿನಲ್ಲಿ ಉಬ್ಬು ಶುರುವಾಗುತ್ತದೆ. ಅಂಥ ಬಿಟ್ಟನ್ನು ಒರಟು ಕೆಲಸಕ್ಕೆ ಬೇರೆ ಇಡಿ. ಬೇರಿಂಗ್ ಮಾತ್ರ ಸವೆದಿದ್ದರೆ ಅದೊಂದನ್ನೇ ಬದಲಿಸಬಹುದು. ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದುಕೊಂಡು ಹೋಗಿ, ಬಿಚ್ಚುವಾಗ ಸ್ಕ್ರೂ ಕೆಳಗಿನ ಕಿರು ವಾಷರ್ ಬಿದ್ದುಹೋಗದಂತೆ ಕೆಳಗೆ ಬಟ್ಟೆ ಹಾಸಿಕೊಳ್ಳಿ.